ಕತ್ತೆಯ ದನಿಗೆ ನಗುವವರು ಯಾರು?

ಮಕ್ಕಳ ಪದ್ಯ ಅಂದರೆ ನಮ್ಮ ಸಭೆಗಳಲ್ಲೇ ಮೂಗು ಮುರಿಯುವವರಿದ್ದಾರೆ. "ಭೂಮಿಯ ಪ್ರಶ್ನೆ ಬಾಕಿ ಇದೆ, ಕೂಲಿಯ ಪ್ರಶ್ನೆ ಬಾಕಿ ಇದೆ, ಗುಡಿಯದು ಸ್ಮಶಾನದ್ದು ಹಾಗೇ ಇದೆ. ನೀವು ನಾಯಿ ಬೆಕ್ಕಿನ ಪದ್ಯ ಹಿಡ್ಕೊಂಡು ಕೂತಿದ್ದೀರಲ್ಲ" ಅಂತಾರೆ. ಆ ಪ್ರಶ್ನೆಗಳೆಲ್ಲ ಬಾಕಿ ಇರುವುದು ನಿಜ. ಬಾಕಿ ಉಳಿದಿರುವುದಕ್ಕೆ ಒಂದು ಕಾರಣವನ್ನೂ ಕೇಳಿ: ಆ ಪ್ರಶ್ನೆಗಳನ್ನು ಕೇಳಬೇಕಾದ ಬಾಯನ್ನು ಆರನೇ ವಯಸ್ಸಿಗೇ ಮುಚ್ಚಿಸುತ್ತಾರೆ. ಬೆತ್ತದಿಂದ ಮುಚ್ಚಿಸುವುದು ಕಡಿಮೆ. ನಗುವಿನಿಂದ ಮುಚ್ಚಿಸುವುದೇ ಹೆಚ್ಚು.

ಮಗು ಅಕ್ಷರಕ್ಕಿಂತ ಮೊದಲು ನಗುವನ್ನು ಕಲಿಯುತ್ತದೆ. ಒಂದನೇ ತರಗತಿಯಲ್ಲಿ ಮೇಷ್ಟ್ರು ಮಂಗನ ಪದ್ಯ ಹೇಳಿ, ಮಂಗನ ಹಾಗೇ ತಲೆ ಕೆರೆದುಕೊಂಡರೆ ಮಕ್ಕಳೆಲ್ಲ ಒಟ್ಟಿಗೆ ನಗುತ್ತವೆ. ಊರಿನವು, ಕೇರಿಯವು, ಹಟ್ಟಿಯವು, ತಾಂಡಾದವು ಎಲ್ಲ ಒಂದೇ ಸಲಕ್ಕೆ. ಒಂದೇ ಸಾಲಿನಲ್ಲಿ ಕೂತು ಉಣ್ಣದ ಜಾತಿಗಳ ಮಕ್ಕಳು ಒಂದೇ ಉಸಿರಿನಲ್ಲಿ ನಗುವುದು ಸಣ್ಣ ಸಂಗತಿಯೇನ್ರೀ? ಆದರೆ ಅದೇ ನಗು ಕೊಠಡಿಯ ಮಧ್ಯೆ ಒಂದು ಗೆರೆಯನ್ನೂ ಎಳೆಯಬಲ್ಲದು. ಗೆರೆಯ ಆ ಕಡೆ ನಗುವವರು, ಈ ಕಡೆ ನಗೆಗೀಡಾಗುವವರು. ಪ್ರಾಣಿಗಳ ಹಾಸ್ಯಪದ್ಯ ಎರಡು ಕೆಲಸವನ್ನೂ ಮಾಡುತ್ತದೆ. ಅದರಿಂದ ಯಾವ ಕೆಲಸ ಮಾಡಿಸಬೇಕು ಅನ್ನುವುದನ್ನು ನಾವು ಚಳವಳಿಯ ಪ್ರಶ್ನೆ ಅಂತಲೇ ಎತ್ತುತ್ತಿದ್ದೇವೆ.

ಪ್ರಾಣಿಗಳ ಹೆಸರು ಎಲ್ಲ ಮಕ್ಕಳ ಕಿವಿಗೂ ಒಂದೇ ಥರ ಬೀಳುವುದಿಲ್ಲ. ಕತ್ತೆ ಅಂದರೆ ಪೇಟೆಯ ಮಗುವಿಗೆ ಪುಸ್ತಕದಲ್ಲಿರುವ ಬೂದು ಬಣ್ಣದ ಒಂದು ಚಿತ್ರ. ಮಡಿವಾಳರ ಮಗುವಿಗೆ ಅದು ಅಜ್ಜನ ಕಾಲದಿಂದ ಊರವರ ಬಟ್ಟೆಗಂಟು ಹೊತ್ತ ಜೀವ. ಬೆನ್ನ ಹಿಂದೆ ತನ್ನನ್ನೇ ಕೂಗುವ ಅಡ್ಡಹೆಸರು. ಹಂದಿ ಅಂದರೆ ಹಂದಿ ಸಾಕುವ ಮನೆಯ ಮಗುವಿಗೆ ಹಬ್ಬದ ಊಟ, ಸಾಲ ತೀರಿಸುವ ದುಡ್ಡು. ಶಾಲೆಯಲ್ಲಿ ಮಾತ್ರ ಬೈಗುಳ. ಎಮ್ಮೆ ಅಂದರೆ ಕಪ್ಪು ಹುಡುಗಿ. ಕೋಣ ಅಂದರೆ ಪಾಸಾಗದ ಹುಡುಗ. ನಾಯಿ ಅಂದರೆ ದಣಿಯ ಬಾಯಲ್ಲಿ ಆಳು. ತಲೆತಲಾಂತರದಿಂದ ಪ್ರಾಣಿಗಳ ಹೆಸರಿಂದ ಕರೆಸಿಕೊಂಡವರು ನಾವು. ಕರೆಸಿಕೊಂಡದ್ದಷ್ಟೇ ಅಲ್ಲ, ಪ್ರಾಣಿಗಳ ಜಾಗದಲ್ಲಿ ನಿಂತವರೂ ನಾವೇ. ಸಿದ್ಧಲಿಂಗಯ್ಯನವರ 'ಊರುಕೇರಿ'ಯಲ್ಲಿ ತಂದೆಯ ಹೆಗಲ ಮೇಲೆ ನೊಗವಿದೆ. ಇಬ್ಬರನ್ನು ಜೋಡೆತ್ತಿನ ಹಾಗೆ ಹೂಡಿ ಉಳುವ ಚಿತ್ರ ಅಲ್ಲಿದೆ. 1927ರ ಮಾರ್ಚ್‌ನಲ್ಲಿ ಮಹಾಡಿನ ಚೌಡರ್ ಕೆರೆಗೆ ಅಂಬೇಡ್ಕರ್ ಸಾವಿರಾರು ಜನರೊಂದಿಗೆ ನಡೆದುಹೋದದ್ದು ಯಾಕೆ? ದನ ಕುಡಿದರೆ ಮೈಲಿಗೆಯಾಗದ ನೀರು ನಾವು ಮುಟ್ಟಿದರೆ ಮೈಲಿಗೆಯಾಗುತ್ತಿತ್ತು. ಪ್ರಾಣಿಗಿಂತ ಕೆಳಗೆ ನಿಲ್ಲಿಸಿದವರ ಮಕ್ಕಳಿಗೆ ಪ್ರಾಣಿಯ ಪದ್ಯ ಹೇಳುವಾಗ ಮೇಷ್ಟ್ರು ಒಂದು ಗಳಿಗೆ ಯೋಚಿಸಬೇಕು. ಯೋಚಿಸಿ ಪದ್ಯ ಬಿಡಬೇಕಾಗಿಲ್ಲ. ಯೋಚಿಸಿ ಹೇಳಬೇಕು.

ಈಗ ಎರಡು ಹಳೆಯ ಕತೆಗಳನ್ನು ಹಿಡಿಯೋಣ. ಪಂಚತಂತ್ರ, ಹಿತೋಪದೇಶಗಳ ಗುಂಪಿನವು. ಪಂಚತಂತ್ರ ಕನ್ನಡಕ್ಕೆ ದುರ್ಗಸಿಂಹನ ಕೈಯಿಂದ 11ನೇ ಶತಮಾನದಲ್ಲೇ ಬಂದಿದೆ. ಈ ಬಗೆಯ ಕತೆಗಳು ಪದ್ಯವಾಗಿ, ಚಿತ್ರವಾಗಿ, ನಾಟಕವಾಗಿ ಇವತ್ತಿಗೂ ಶಾಲೆಗಳಲ್ಲಿ ಓಡಾಡುತ್ತಿವೆ.

ಒಂದು, ನೀಲಿ ನರಿಯದು. ನಾಯಿಗಳು ಅಟ್ಟಿಸಿಕೊಂಡು ಬಂದಾಗ ನರಿ ಬಣ್ಣ ಹಾಕುವವನ ನೀಲಿಯ ತೊಟ್ಟಿಗೆ ಬೀಳುತ್ತೆ. ನೀಲಿ ಮೈ ಕಂಡು ಕಾಡಿನ ಪ್ರಾಣಿಗಳು ಹೆದರಿ ಅದನ್ನು ರಾಜನನ್ನಾಗಿ ಮಾಡುತ್ತವೆ. ಒಂದು ರಾತ್ರಿ ದೂರದಲ್ಲಿ ನರಿಗಳು ಊಳಿಟ್ಟಾಗ ಇದಕ್ಕೂ ತಡೆಯಲಾಗದೆ ಊಳಿಡುತ್ತೆ. ಗುಟ್ಟು ಬಯಲಾಗಿ ಸಾಯುತ್ತೆ. ಇನ್ನೊಂದು, ಹುಲಿಯ ಚರ್ಮ ಹೊದ್ದ ಕತ್ತೆಯದು. ಅಗಸ ಹೊದಿಸಿದ ಚರ್ಮದಲ್ಲಿ ಅದು ಹೊಲಗಳಿಗೆ ನುಗ್ಗಿ ಹೊಟ್ಟೆ ತುಂಬ ಮೇಯುತ್ತಿರುತ್ತೆ. ಒಂದು ದಿನ ಹೆಣ್ಣು ಕತ್ತೆಯ ಕೂಗು ಕೇಳಿ ತಾನೂ ಕೂಗುತ್ತೆ. ಅದೂ ಸಾಯುತ್ತೆ. ಎರಡು ಕತೆಯಲ್ಲೂ ಮಕ್ಕಳು ನಗಬೇಕಾದ ಜಾಗ ಒಂದೇ: ಪ್ರಾಣಿ ಬಾಯಿ ಬಿಡುವ ಜಾಗ.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಎಷ್ಟೇ ಬಣ್ಣ ಬಳಿದುಕೊ, ನಿನ್ನ ದನಿಯೇ ನಿನ್ನ ಹುಟ್ಟನ್ನು ಹೇಳಿಬಿಡುತ್ತೆ. ಇದ್ದಲ್ಲೇ ಇರು, ಬಾಯಿ ಮುಚ್ಚಿಕೊಂಡಿರು. ವರ್ಣವ್ಯವಸ್ಥೆಯನ್ನು ಇಷ್ಟು ಸಲೀಸಾಗಿ, ಇಷ್ಟು ನಗುನಗುತ್ತಾ ಹೇಳಿಕೊಟ್ಟ ಪಾಠ ಇನ್ನೊಂದಿಲ್ಲ. ಮನು ಬರೆದದ್ದನ್ನು ಓದಲು ಸಂಸ್ಕೃತ ಬೇಕು. ನರಿಯ ಕತೆಗೆ ಅದೂ ಬೇಡ.

ಇದು ಕತೆಯಲ್ಲೇ ಮುಗಿಯುವುದಿಲ್ಲ. ಹಳೇ ಮೈಸೂರಿನ ಕಡೆಯ ನಮ್ಮ ಕೇರಿಗಳಲ್ಲಿ, ಅಕ್ಷರ ಕಾಣದ ಎಷ್ಟೋ ಒಕ್ಕಲು ಮನೆಗಳಲ್ಲಿ, ಹಸು 'ಅಸು', ಹಾವು 'ಆವು', ಹಂದಿ 'ಅಂದಿ', ಹುಲಿ 'ಉಲಿ'. ಮಗು ಅವ್ವನಿಂದ ಕಲಿತದ್ದು ಅದನ್ನೇ. ಪದ್ಯ ಹೇಳು ಅಂದಾಗ ಅದು ಎದ್ದು ನಿಂತು 'ಉಲಿ ಬಂತು ಉಲಿ' ಅನ್ನುತ್ತೆ. ಇಡೀ ತರಗತಿ ಗೊಳ್ ಅನ್ನುತ್ತೆ. ಮೇಷ್ಟ್ರೂ ನಗುತ್ತಾರೆ. "ಉಲಿ ಅಲ್ಲವೋ ಹುಲಿ. ನಾಲಿಗೆ ತಿದ್ಕೊ." ಮಕ್ಕಳು ಪದ್ಯದ ಹುಲಿಗೆ ನಕ್ಕರೋ, ಪದ್ಯ ಹೇಳಿದ ಮಗುವಿಗೆ ನಕ್ಕರೋ? ಆ ಮಗು ಮರುದಿನ ಪದ್ಯ ಹೇಳಲು ಏಳುವುದಿಲ್ಲ. ನಾಲ್ಕನೇ ತರಗತಿಗೆ ಪ್ರಶ್ನೆ ಕೇಳಲು ಏಳುವುದಿಲ್ಲ. ದೊಡ್ಡವನಾದ ಮೇಲೆ ಗ್ರಾಮಸಭೆಯಲ್ಲಿ ಏಳುವುದಿಲ್ಲ. ಕತ್ತೆ ಕೂಗಿ ಸತ್ತದ್ದನ್ನು ಅದು ಕಣ್ಣಾರೆ ಕಂಡಿದೆ. ನಮ್ಮ ಮನೆಗಳಲ್ಲಿ ಮೊದಲು ಶಾಲೆಯ ಮೆಟ್ಟಿಲು ಹತ್ತಿದ ನಮಗೆ ಈ ನಗುವಿನ ಸದ್ದು ಚೆನ್ನಾಗಿ ಗೊತ್ತು.

ಆ ಮೇಷ್ಟ್ರಿಗೆ ಕನ್ನಡದ ಚರಿತ್ರೆಯೇ ಉತ್ತರ ಕೊಡುತ್ತದೆ. 10ನೇ ಶತಮಾನದ ಪಂಪನ ಕಾಲದಲ್ಲಿ ಹುಲಿ 'ಪುಲಿ'ಯಾಗಿತ್ತು, ಹಾವು 'ಪಾವು', ಹಂದಿ 'ಪಂದಿ'. ಆಮೇಲೆ ಜನರ ನಾಲಿಗೆಯ ಮೇಲೆ ಪಕಾರ ಹಕಾರವಾಯಿತು. ಪಂಪನ ಕಿವಿಗೆ ನಿಮ್ಮ 'ಹುಲಿ'ಯೂ ತಪ್ಪಾಗಿಯೇ ಕೇಳುತ್ತಿತ್ತು ಸ್ವಾಮಿ. ಪುಲಿ ಹುಲಿಯಾದದ್ದು ಭಾಷೆಯ ಬೆಳವಣಿಗೆ, ಹುಲಿ ಉಲಿಯಾದದ್ದು ಮಾತ್ರ ಕೇರಿಯ ಹೀನ ನಾಲಿಗೆ. ಇದು ಯಾವ ಊರಿನ ವ್ಯಾಕರಣ? ಇನ್ನೂ ಒಂದು ಮಾತು. ರಾಜರತ್ನಂ ಅವರ 'ರತ್ನನ ಪದಗಳು' ಪುಸ್ತಕದಲ್ಲಿ ಕುಡುಕ ರತ್ನ ಹೆಂಡವನ್ನು 'ಯೆಂಡ' ಅಂದರೆ ವಿದ್ವಾಂಸರು ತಲೆದೂಗುತ್ತಾರೆ, ಗಾಯಕರು ಹಾಡುತ್ತಾರೆ, ಸಭಿಕರು ಚಪ್ಪಾಳೆ ತಟ್ಟುತ್ತಾರೆ. ಅದು ಕಾವ್ಯ. ಆರು ವರ್ಷದ ಮಗು 'ಅಸು' ಅಂದರೆ ಅದು ತಪ್ಪು. ಕಲ್ಪನೆಯ ಕುಡುಕನಿಗೆ ಸಿಕ್ಕ ಮರ್ಯಾದೆ ಕಣ್ಣೆದುರಿನ ಮಗುವಿಗೆ ಯಾಕೆ ಸಿಗಲಿಲ್ಲ?

ಮಗುವಿಗೆ ಬರವಣಿಗೆಯ ಕನ್ನಡ ಬೇಡವೆಂದು ನಾವು ಹೇಳುತ್ತಿಲ್ಲ. ಬೇಕೇ ಬೇಕು. ಅರ್ಜಿ ಬರೆಯಲು ಬೇಕು, ಕಾನೂನು ಓದಲು ಬೇಕು, ಈ ಪತ್ರಿಕೆ ಓದಲೂ ಬೇಕು. ಬರೆಯುವಾಗ 'ಹುಲಿ' ಅಂತ ಬರೆಯಲಿ. ಹಾಡುವಾಗ ಅವ್ವನ ಬಾಯಿಂದ ಬಂದ 'ಉಲಿ' ಗರ್ಜಿಸಲಿ. ನಗುವಿನ ಗಳಿಗೆ ನಾಲಿಗೆ ತಿದ್ದುವ ಗಳಿಗೆಯಾಗಕೂಡದು.

ಇನ್ನು ನಾಯಿಮರಿಯ ಪದ್ಯ. ರಾಜರತ್ನಂ ಅವರದೇ. ಅದನ್ನು ಹೇಳದ ಕನ್ನಡ ಮಗು ಅಪರೂಪ. ಲಯ ಚೆನ್ನಾಗಿದೆ, ಬೊಗಳುವ ಜಾಗ ಬಂದಾಗ ಮಕ್ಕಳು ಕುಣಿಯುತ್ತವೆ. ಆ ಕವಿ ಮಕ್ಕಳಿಗೆ ಮಾಡಿದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಕೇಳೋಣ. ಆ ಪದ್ಯದಲ್ಲಿ ಮರಿಗೆ ತಿಂಡಿ ಬೇಕಾ ಅಂತ ಕೇಳುತ್ತಾರೆ. ಬೇಕು ಅನ್ನುತ್ತೆ. ಯಾಕೆ ಬೇಕು ಅಂತ ಮತ್ತೆ ಕೇಳುತ್ತಾರೆ. ಮನೆ ಕಾಯುವುದಕ್ಕೆ ಅನ್ನುತ್ತೆ. ಆ ಮಾತು ಬಂದ ಮೇಲೆ ತಿಂಡಿ. ಹೊಟ್ಟೆ ತುಂಬಿದ ಮನೆಯ ಮಗುವಿಗೆ ಇದು ಬರೀ ಆಟ. ಊಟಕ್ಕೆಂದೇ ಇನ್ನೊಬ್ಬರ ದನ ಕಾಯಲು ಜೀತಕ್ಕೆ ಬಿದ್ದವರ ಮೊಮ್ಮಗುವಿಗೆ? ಜೀತವನ್ನು ಕಾಯಿದೆ ರದ್ದು ಮಾಡಿದ್ದು 1976ರಲ್ಲಿ. ಅನ್ನಕ್ಕೆ ಬದಲು ಕಾವಲು ಅನ್ನುವ ಕರಾರು ನಮ್ಮ ಅಜ್ಜಂದಿರು ಹೆಬ್ಬೆಟ್ಟೊತ್ತಿದ ಕರಾರು.

ಆ ಪದ್ಯವನ್ನು ಸುಟ್ಟುಹಾಕಿ ಅಂತ ನಾವು ಅನ್ನುವುದಿಲ್ಲ. ಹಾಡಿಸಿ. ಹಾಡಿಸಿದ ಮೇಲೆ ಮಕ್ಕಳನ್ನೇ ನಾಯಿಮರಿ ಮಾಡಿ, "ತಿಂಡಿ ಯಾಕೆ ಬೇಕು?" ಅಂತ ಕೇಳಿ. "ಹಸಿವಾಗಿದೆ, ಅದಕ್ಕೆ" ಅಂತ ಒಂದು ಮರಿಯಾದರೂ ಅಂದೀತು. "ನಿಂಗ್ಯಾಕೆ ಹೇಳ್ಬೇಕು" ಅಂತ ಇನ್ನೊಂದು ಅಂದೀತು. ಮಕ್ಕಳು ನಗುತ್ತವೆ. ಈ ನಗು ಬೇರೆ ಜಾತಿಯದು, ಗೆಳೆಯರೆ. 2021ರ ಡಿಸೆಂಬರಿನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳೂ ವಿಜಯಪುರವೂ ಸೇರಿ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಶುರುಮಾಡಿದಾಗ ಕೆಲವು ಮಠಾಧೀಶರು ಎದ್ದು ನಿಂತರು. ಮಕ್ಕಳಿಗೆ ಮೊಟ್ಟೆ ಯಾಕೆ ಬೇಕು ಅಂತ ಕೇಳಿದರು. ಹಸಿವು ತನಗೆ ತಾನೇ ಕಾರಣ. ಅದಕ್ಕೆ ಮೇಲೊಂದು ಕಾರಣ ಕೊಡಬೇಕಾಗಿಲ್ಲ ಅನ್ನುವುದನ್ನು ಮಗು ನಾಯಿಮರಿಯ ಆಟದಲ್ಲೇ ಕಲಿತರೆ ಯಾರ ಗಂಟು ಹೋಗುತ್ತೆ?

ಕಾಗಕ್ಕ ಗುಬ್ಬಕ್ಕನ ಕತೆಯೂ ಹೀಗೇ. ಹಾಡಿನ ಹಾಗೆ ಹೇಳುವ ಕತೆ. ಕಾಗೆಯದು ಸಗಣಿಯ ಮನೆ, ಗುಬ್ಬಿಯದು ಕಲ್ಲಿನ ಮನೆ. ಮಳೆ ಬಂದು ಕಾಗೆಯ ಮನೆ ಕೊಚ್ಚಿಹೋಗುತ್ತೆ. ಕಾಗೆ ನೆನೆಯುತ್ತಾ ಬಾಗಿಲು ತಟ್ಟಿದರೆ ಗುಬ್ಬಕ್ಕ ಒಂದೊಂದು ನೆಪ ಹೇಳುತ್ತಾಳೆ: ಮಗುವಿಗೆ ನೀರು ಹಾಕ್ತಿದೀನಿ, ತಾಳು, ಮಗುವಿಗೆ ಉಣ್ಣಿಸ್ತಿದೀನಿ, ತಾಳು. ಕೊನೆಗೆ ಕಾಗೆಗೆ ಬರೆ. ಮಕ್ಕಳು ನಗುವುದು ಯಾರಿಗೆ? ಕಪ್ಪಗಿರುವವಳಿಗೆ, ಮನೆ ಸೋರಿದವಳಿಗೆ. ಸೋರುವ ಮನೆಯಿಂದಲೇ ಎದ್ದು ಬಂದ ಮಗುವೂ ಆ ಕೊಠಡಿಯಲ್ಲಿ ಕೂತಿದೆ; ಎಲ್ಲರ ಜೊತೆ ನಗದಿದ್ದರೆ ತನ್ನ ಮನೆಯ ಗುಟ್ಟು ರಟ್ಟಾಗುತ್ತೆ ಅಂತ ಅದೂ ನಗುತ್ತೆ. ಮೇಷ್ಟ್ರೇ, ಆ ನಗುವನ್ನು ಗುಬ್ಬಕ್ಕನ ನೆಪಗಳ ಕಡೆ ತಿರುಗಿಸಿ. ನೆಪಗಳನ್ನು ಬೆಳೆಸುತ್ತಾ ಹೋಗಿ. "ಅರ್ಜಿ ತಂದಿದೀಯಾ, ತಾಳು. ಸಾಹೇಬರು ಊಟಕ್ಕೆ ಹೋಗಿದಾರೆ, ತಾಳು. ನಾಳೆ ಬಾ, ತಾಳು." ಪಂಚಾಯ್ತಿ ಕಚೇರಿಗೆ ಅಪ್ಪನ ಜೊತೆ ಹೋಗಿಬಂದ ಮಗು ಉಳಿದ ನೆಪಗಳನ್ನು ತಾನೇ ಸೇರಿಸುತ್ತೆ.

ನೀಲಿ ನರಿಯನ್ನೂ ಹೀಗೇ ಹಿಡಿಯಬಹುದು. ಆ ಕತೆಯಲ್ಲಿ ಮೇಷ್ಟ್ರುಗಳು ಬೇಗ ದಾಟಿಬಿಡುವ ಒಂದು ಜಾಗವಿದೆ. ರಾಜನಾದ ಕೂಡಲೇ ನರಿ ಮಾಡಿದ ಮೊದಲ ಕೆಲಸಗಳಲ್ಲಿ ಒಂದು ಉಳಿದ ನರಿಗಳನ್ನು ಓಡಿಸಿದ್ದು. ಮಕ್ಕಳು ಅಲ್ಲಿ ನಗಲಿ! ಊಳಿಟ್ಟದ್ದಕ್ಕೆ ನಗುವುದು ಬೇಡ. ಊಳಿಟ್ಟಾಗಲೇ ಅದು ಸ್ವಲ್ಪ ಹೊತ್ತು ನರಿಯಾಗಿ ಬದುಕಿದ್ದು. ಕುರ್ಚಿ ಸಿಕ್ಕ ಮೇಲೆ ಕೇರಿಯ ದಾರಿ ಮರೆತದ್ದಕ್ಕೆ ನಗಲಿ. ಆ ನಗು ನಮ್ಮ ಕಡೆಯ ಎಷ್ಟು ಶಾಸಕರಿಗೆ, ಎಷ್ಟು ಅಧಿಕಾರಿಗಳಿಗೆ, ನಿಗಮ ಮಂಡಳಿಗಳಲ್ಲಿ ಕೂತ ಎಷ್ಟು ಮಾಜಿ ಹೋರಾಟಗಾರರಿಗೆ ತಾಗುತ್ತದೆ ಅಂತ ನಾವು ಲೆಕ್ಕ ಹಾಕಿ ಹೇಳಬೇಕಿಲ್ಲ.

ಈಗ ನಮ್ಮ ಸಂಗಾತಿಗಳಿಗೆ ಒಂದು ಮಾತು. ಮಕ್ಕಳಿಗೂ ಕ್ರಾಂತಿಯ ಪದ್ಯ ಬೇಕೆಂದು ಕೆಲವರು ಬರೆಯುತ್ತಿದ್ದಾರೆ. ಇರುವೆಗಳು ಬಾವುಟ ಹಿಡಿಯುತ್ತವೆ, ಕಾಗೆಗಳು ಘೋಷಣೆ ಕೂಗುತ್ತವೆ, ಕೊನೆಯ ನುಡಿಯಲ್ಲಿ ಸಿಂಹಕ್ಕೆ ಧಿಕ್ಕಾರ. ಮಗು ಆಕಳಿಸುತ್ತೆ. ಮಠದ ನೀತಿಪದ್ಯಕ್ಕೂ ಈ ಪದ್ಯಕ್ಕೂ ಮಗುವಿನ ಕಣ್ಣಲ್ಲಿ ಏನು ವ್ಯತ್ಯಾಸ? ಅಲ್ಲಿ ಹಸು ಸತ್ಯ ಹೇಳುತ್ತೆ, ಇಲ್ಲಿ ಇರುವೆ ಭಾಷಣ ಮಾಡುತ್ತೆ. ಎರಡರಲ್ಲೂ ಪ್ರಾಣಿ ಇಲ್ಲ, ನಗುವೂ ಇಲ್ಲ. 1973ರಲ್ಲಿ ಮಂತ್ರಿಯಾಗಿದ್ದ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬಹುಪಾಲು ಬೂಸಾ ಅಂದರು. ನಾಡೆಲ್ಲ ಗಲಾಟೆಯಾಯಿತು, ಅವರ ಮಂತ್ರಿಗಿರಿ ಹೋಯಿತು, ದಲಿತ ಚಳವಳಿಗೆ ಕಿಚ್ಚು ಹತ್ತಿತು. ಆ ಮಾತನ್ನು ನಾವು ಒಂದನೇ ತರಗತಿಯವರೆಗೂ ತೆಗೆದುಕೊಂಡು ಹೋಗಬೇಕು. ಮಗುವಿನ ಮುಂದೆ ಸುರಿಯುವುದು ಬೂಸಾ ಆಗಿದ್ದರೆ, ಸುರಿಯುವವನು ಯಾವ ಬಣ್ಣದ ಶಾಲು ಹೊದ್ದಿದ್ದರೂ ಅದು ಬೂಸಾನೇ. ದನ ಕಾದವರಿಗೆ ಗೊತ್ತು, ಎಮ್ಮೆ ಕೂಡ ಬೂಸಾವನ್ನು ಮೂಸಿ ನೋಡಿಯೇ ಬಾಯಿ ಹಾಕುವುದು.

ನಗು ನಮ್ಮ ಜನಕ್ಕೆ ಪರಕೀಯವೂ ಅಲ್ಲ. ಹೆಗಲಿಗೆ ನೊಗ ಹೊತ್ತ ತಂದೆಯ ಚಿತ್ರವಿರುವ ಆ 'ಊರುಕೇರಿ'ಯೇ ಓದುಗರನ್ನು ಪುಟಪುಟಕ್ಕೂ ನಗಿಸುತ್ತದೆ. ಶಿಶುನಾಳ ಶರೀಫರು (1819-1889) ಕೋಳಿಯ ಬಾಯಿಂದ ಕೋತಿಯನ್ನು ನುಂಗಿಸಿದರು. ಆ ತತ್ವಪದಕ್ಕೆ ಅಧ್ಯಾತ್ಮದ ಅರ್ಥ ಹೇಳುವವರು ಹೇಳಲಿ. ಮಗುವಿಗೆ ಅಷ್ಟು ಸಾಕು: ಸಣ್ಣದು ದೊಡ್ಡದನ್ನು ನುಂಗಿತು! ಲೋಕ ಇದ್ದ ಹಾಗೇ ಇರಬೇಕಾಗಿಲ್ಲ ಅನ್ನುವುದು ಅದರ ಹೊಟ್ಟೆಗೆ ನಗುವಾಗಿ ಇಳಿಯುತ್ತೆ. ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ನೋಡಿ. ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಪದ್ಯದಲ್ಲಿ ಮಾತಿಗೆ ತಪ್ಪುವವರು ಹ್ಯಾಮೆಲಿನ್ ಪಟ್ಟಣದ ಮೇಯರ್ ಮತ್ತು ಅವನ ಸಭಾಸದರು. ಕುವೆಂಪು ಅದನ್ನು ತುಂಗೆಯ ದಂಡೆಗೆ ತಂದು, ಮಾತಿಗೆ ತಪ್ಪುವವನನ್ನು ಊರಿನ ಗೌಡನನ್ನಾಗಿ ಮಾಡಿದರು. ನೂರೆಂಟು ಬಗೆಯ ಇಲಿಗಳಿಗೆ ಮಕ್ಕಳು ಬಿದ್ದುಬಿದ್ದು ನಗುತ್ತಿರುವಾಗಲೇ, ಕೆಲಸ ಮಾಡಿಸಿಕೊಂಡು ಕೂಲಿ ಕೊಡದ ಯಜಮಾನ ಕಣ್ಣ ಮುಂದೆ ಬಂದು ನಿಲ್ಲುತ್ತಾನೆ. ಯಾವ ಬಾವುಟವೂ ಇಲ್ಲ, ಘೋಷಣೆಯೂ ಇಲ್ಲ. ಕೂಲಿ ಕೊಡದಿದ್ದರೆ ಏನಾಗುತ್ತೆ ಅನ್ನುವುದು ಮಗುವಿಗೆ ಜನ್ಮಪೂರ್ತಿ ನೆನಪಿರುತ್ತೆ.

ಬಂಗಾಳದಲ್ಲಿ ಸುಕುಮಾರ್ ರಾಯ್ ಅವರ 'ಆಬೋಲ್ ತಾಬೋಲ್' 1923ರಲ್ಲಿ, ಅವರು ತೀರಿಕೊಂಡ ಕೆಲವೇ ದಿನಗಳಲ್ಲಿ ಹೊರಬಂತು. ಅದರ ಒಂದು ಪದ್ಯದಲ್ಲಿ ಬಾತುಕೋಳಿ ಮತ್ತು ಮುಳ್ಳುಹಂದಿ ವ್ಯಾಕರಣಕ್ಕೆ ಕ್ಯಾರೇ ಅನ್ನದೆ ಸೇರಿ ಒಂದೇ ಪ್ರಾಣಿಯಾಗುತ್ತವೆ. ಕೊಕ್ಕರೆ ಆಮೆಯೊಂದಿಗೆ, ಆನೆ ತಿಮಿಂಗಿಲದೊಂದಿಗೆ. ಬಂಗಾಳದ ಮಕ್ಕಳು ಇವತ್ತಿಗೂ ನಗುತ್ತಿವೆ. ಎರಡು ಜಾತಿ ಸೇರಿದರೆ ಮಚ್ಚು ಹಿಡಿಯುವ ದೇಶದಲ್ಲಿ, ಎರಡು ಜಾತಿ ಸೇರಿದ್ದಕ್ಕೆ ಖುಷಿಯಿಂದ ನಗುವುದನ್ನು ಮಗು ಕಲಿಯುತ್ತಿದೆ. ಕವಿ ಅದನ್ನೇ ಉದ್ದೇಶಿಸಿದರೋ ಇಲ್ಲವೋ, ನಮಗೆ ಬೇಕಾದದ್ದು ಅದರಲ್ಲಿದೆ. ನಿಮ್ಮ ತರಗತಿಯಲ್ಲೂ ಆಡಿಸಿ: ಎಮ್ಮೆಗೂ ಗಿಳಿಗೂ ಮದುವೆಯಾದರೆ ಹುಟ್ಟುವ ಮರಿ ಹೇಗಿರುತ್ತೆ, ಹೇಗೆ ಕೂಗುತ್ತೆ?

ಹಳ್ಳಿಯ ಮೇಷ್ಟ್ರುಗಳಿಗೆ, ಮೇಡಂಗಳಿಗೆ, ಅಂಗನವಾಡಿ ಅಕ್ಕಂದಿರಿಗೆ ನಮ್ಮ ಬಿನ್ನಹ ಕೆಲವೇ ಮಾತಿನದು.

ಪದ್ಯವನ್ನು ಹೇಳಿ, ಓದಿಸಬೇಡಿ. ಬಾಯಿಂದ ಬಾಯಿಗೆ, ಮೈಯಿಂದ ಮೈಗೆ ದಾಟಲಿ. ಬೆಂಚಿನ ಸಾಲು ಮುರಿದು ಸುತ್ತ ಕೂರಿಸಿ. ಸುತ್ತು ಕೂತಾಗ ಹಿಂದಿನ ಸಾಲು ಅನ್ನುವುದೇ ಇರುವುದಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಗುಂಪಾಗಿ ಕೂರುವುದನ್ನು ಸರ್ಕಾರಿ ಶಾಲೆಗೆ ತಂದಿದೆ. ಆ ಜಾಗವನ್ನು ನಗುವಿಗೂ ಬಳಸಿ. ಪದ್ಯ ಮುಗಿದ ಕೂಡಲೇ "ಇದರಿಂದ ನಾವು ಕಲಿಯುವ ನೀತಿ ಏನು?" ಅಂತ ಕೇಳಬೇಡಿ. ನಗುತ್ತಿರುವ ಮಗುವಿನ ಬಾಯಿಗೆ ಬೇವಿನ ರಸ ಹಾಕಿದ ಹಾಗೆ ಅದು. ಪ್ರಾಣಿಯ ಮನೆಮಾತಿನ ಹೆಸರು ಕೇಳಿ. ಬೆಕ್ಕಿಗೆ ತುಳುವಿನಲ್ಲಿ 'ಪುಚ್ಚೆ', ತೆಲುಗಿನಲ್ಲಿ 'ಪಿಲ್ಲಿ', ಉರ್ದುವಿನಲ್ಲಿ 'ಬಿಲ್ಲಿ'. ಅದೇ ತುಳುವಿನಲ್ಲಿ 'ಪಿಲಿ' ಅಂದರೆ ಹುಲಿ! ಒಂದು ಲಕಾರದ ಒತ್ತು ಬಿದ್ದುಹೋದರೆ ಬೆಕ್ಕು ಹುಲಿಯಾಗುವ ಚೋದ್ಯಕ್ಕೆ 'ಅಸು' ಅಂದ ಮಗುವೂ 'ಹಸು' ಅಂದ ಮಗುವೂ ಒಟ್ಟಿಗೆ ನಗುತ್ತವೆ.

ಆಮೇಲೆ, ಪ್ರಾಣಿಯ ಬಗ್ಗೆ ಗೊತ್ತಿರುವ ಮಗುವನ್ನು ಪಂಡಿತನ ಜಾಗದಲ್ಲಿ ಕೂರಿಸಿ. ಹಂದಿ ಕೊಳಕು ಅಂತ ಪುಸ್ತಕ ಹೇಳಿದರೆ ಹಂದಿ ಸಾಕುವ ಮನೆಯ ಮಗುವನ್ನು ಕೇಳಿ. ಹಂದಿಗೆ ನಮ್ಮ ಹಾಗೆ ಬೆವರುವುದಕ್ಕಾಗುವುದಿಲ್ಲ. ಮೈ ತಂಪಾಗಲು ಕೆಸರಿಗಿಳಿಯುತ್ತೆ. ಎಮ್ಮೆಯದೂ ಅದೇ ಪಾಡು: ಕಪ್ಪು ಚರ್ಮ, ಕಡಿಮೆ ಬೆವರು, ಬಿಸಿಲು ತಡೆಯಲಾರದೆ ನೀರಿಗೆ ಬೀಳುತ್ತೆ. ಇದು ವಿಜ್ಞಾನವೂ ಹೌದು, ಹಾಸ್ಯಕ್ಕೆ ಸಾಮಗ್ರಿಯೂ ಹೌದು. ಜಿಂಕೆ, ನವಿಲು, ಗಿಳಿ, ಬಿಳಿ ಮೊಲಗಳು ಪದ್ಯಪುಸ್ತಕಗಳಲ್ಲಿ ಬೇಕಾದಷ್ಟು ಕುಣಿದಿವೆ. ಇನ್ನು ಎಮ್ಮೆ, ಹಂದಿ, ಕತ್ತೆ, ಕಾಗೆ, ಹುಂಜ, ಹೋತ ಒಳಗೆ ಬರಲಿ. ಬೈಸಿಕೊಳ್ಳುವುದಕ್ಕಲ್ಲ, ಆಟದಲ್ಲಿ ಗೆಲ್ಲುವುದಕ್ಕೆ.

ಬರೀ ಮಾತಾಯಿತು ಅನ್ನಬೇಡಿ. ನಮ್ಮ ಗೆಳೆಯರ ಗುಂಪು ಕಟ್ಟಿದ ಒಂದು ಪದ ಇಲ್ಲಿದೆ. ಮೂರು ಮೂರು ಮಾತ್ರೆಯ ನಡೆ, ಚಪ್ಪಾಳೆಗೆ ಕೂರುತ್ತೆ.

ಎಮ್ಮೆಯಮ್ಮ ಕೆರೆಗೆ ಇಳಿದು
ಕೂತುಕೊಂಡಳು;
ಮೂಗು ಮಾತ್ರ ಮೇಲೆ ಇಟ್ಟು
ಗೊರಕೆ ಬಿಟ್ಟಳು.

ಗೌಡ ಬಂದ, ಮೀಸೆ ತಿರುವಿ
ಕೋಲು ಎತ್ತಿದ;
"ನನ್ನ ಕೆರೆಯು, ಏಳು ಮೇಲೆ"
ಎಂದು ಒದರಿದ.

ಎಮ್ಮೆಯಮ್ಮ ಬಾಲ ಎತ್ತಿ
ಕೆಸರ ಬಡಿದಳು;
ಕರ್ರಗಾದ ಗೌಡನನ್ನು
"ಅಣ್ಣ" ಎಂದಳು!

ಗೌಡನ ಜಾಗಕ್ಕೆ ನಿಮ್ಮೂರಿನಲ್ಲಿ ಯಾರು ಒಪ್ಪುತ್ತಾರೋ ಅವರನ್ನು ಮಕ್ಕಳೇ ತಂದು ಕೂರಿಸಲಿ. ಬಾಲ ಬಡಿಯುವ ಜಾಗದಲ್ಲಿ 'ಛಳ್' ಅಂತ ಎಲ್ಲರೂ ಕೂಗಲಿ. "ಮಕ್ಕಳಿಗೆ ದ್ವೇಷ ಕಲಿಸ್ತೀರೇನ್ರೀ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಅವರಿಗೆ ಕೊನೆಯ ಸಾಲು ತೋರಿಸಿ. ಎಮ್ಮೆ ಹಾಯಲಿಲ್ಲ, ತುಳಿಯಲಿಲ್ಲ. ಅಣ್ಣಾ ಅಂದಳು. ಇಷ್ಟು ದಿನ ಬಣ್ಣ ನೋಡಿ ಬೈದವನನ್ನು ಅದೇ ಬಣ್ಣದಿಂದ ನೆಂಟನನ್ನಾಗಿ ಮಾಡಿಕೊಂಡಳು. ದ್ವೇಷ ಅಂದರೆ ಕತ್ತೆಯನ್ನು ಕೂಗಿದ್ದಕ್ಕಾಗಿ ಕೊಂದದ್ದು. ಆ ಕತೆಯನ್ನು ಮಕ್ಕಳಿಗೆ ಹೇಳುವಾಗ ನಿಮಗೆ ದ್ವೇಷ ಕಾಣಲಿಲ್ಲವಲ್ಲ?

ವಿದ್ಯಾರ್ಥಿ ಗೆಳೆಯರು ರಜೆಗೆ ಊರಿಗೆ ಹೋದಾಗ ಅಜ್ಜಿಯರನ್ನು, ದನ ಕಾಯುವ ಹುಡುಗರನ್ನು, ಕುರಿ ಹಟ್ಟಿಯವರನ್ನು ಕೇಳಿ ಪ್ರಾಣಿಗಳ ನಗೆಪದಗಳನ್ನು ಬರೆದುಕೊಂಡು ಬನ್ನಿ. ಅವರು ಹೇಳಿದ ಹಾಗೇ ಬರೆಯಿರಿ. ಹಕಾರ ಸೇರಿಸಬೇಡಿ, ತಿದ್ದಬೇಡಿ. ನಮ್ಮ ಪತ್ರಿಕೆಗಳು ಪ್ರತಿ ಸಂಚಿಕೆಯಲ್ಲೂ ಎರಡು ಪುಟವನ್ನು ಇವಕ್ಕೆ ಬಿಡಲಿ. ಸಂಘಟನೆಯ ಶಿಬಿರಗಳಲ್ಲಿ ಭಾಷಣ ಮುಗಿಯುವವರೆಗೆ ಹೊರಗೆ ಧೂಳಿನಲ್ಲಿ ಆಡಿಕೊಂಡಿರುವ ನಮ್ಮ ಮಕ್ಕಳನ್ನು ಮೊದಲು ವೇದಿಕೆಗೆ ಕರೆದು ಒಂದು ಎಮ್ಮೆಪದ ಹೇಳಿಸಿ, ಆಮೇಲೆ ಭಾಷಣ ಶುರುಮಾಡಿ.

'ಅಸು' ಅಂದ ಮಗು ನಾಳೆಯೂ ಎದ್ದು ನಿಂತು ಪದ್ಯ ಹೇಳಬೇಕು. ನಾಡಿದ್ದು ಎದ್ದು ನಿಂತು ಕೂಲಿ ಕೇಳಬೇಕು. ಎರಡೂ ಒಂದೇ ಗಂಟಲಿನ ಕೆಲಸ.